ಅಪ್ಪಣೆ ಕೇಳದ ದಾರಿ

ಇಂಗ್ಲೆಂಡಿಗೆ ಹೊರಟ ದಿನ ನನ್ನ ಅಣ್ಣ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದ ಬಾಗಿಲವರೆಗೂ ಬಂದಿದ್ದ. ಕೈಯಲ್ಲಿ ಒಂದು ಇಳಕಲ್ ಸೀರೆ, ಬಗಲಲ್ಲಿ ಒಂದು ಫೈಲು. ಸೀರೆ ನನಗೆ, ಫೈಲೂ ನನಗೇ. ಅಪ್ಪ ತೀರಿಕೊಂಡ ಮೇಲೆ ಖಾನಾಪುರ ತಾಲೂಕಿನ ನಮ್ಮೂರ ಹೊಲದ ಉತಾರದಲ್ಲಿ, ಪಹಣಿ ಪತ್ರದಲ್ಲಿ, ಅಣ್ಣನ ಹೆಸರಿನ ಕೆಳಗೆ ನನ್ನ ಹೆಸರೂ ಬಂದು ಕುಳಿತಿತ್ತು. ಈಗ ಆ ಹೊಲದ ಒಂದು ಭಾಗವನ್ನು ರೆಸಾರ್ಟು ಕಟ್ಟುವವರೊಬ್ಬರು ಕೇಳುತ್ತಿದ್ದರು. ಮಾರಬೇಕೆಂದರೆ ನನ್ನ ಸಹಿ ಬೇಕು. ನಮ್ಮ ಕಡೆ ಹೆಣ್ಣುಮಕ್ಕಳು ಇಂಥ ಕಾಗದಕ್ಕೆ ಸೀರೆ-ಕುಪ್ಪಸ ತೆಗೆದುಕೊಂಡು ಸಹಿ ಹಾಕುತ್ತಾರೆ. ಸೀರೆಯ ಆಸೆಗಲ್ಲ. ತವರುಮನೆಯ ಬಾಗಿಲು ಮುಚ್ಚದಿರಲಿ ಎಂದು.

"ಒಂದ್ ಸಹಿ ಮಾಡಿಬಿಡವಾ. ಇಮಾನಕ್ಕ ಇನ್ನೂ ಹೊತ್ತೈತಿ," ಎಂದ ಅಣ್ಣ.

"ಚಷ್ಮಾ ದೊಡ್ಡ ಬ್ಯಾಗಿನ ತಳದಾಗ ಐತಿ ಅಣ್ಣಾ. ಹಗ್ಗಾ ಹಾಕಿ ಬಿಗದೀನಿ. ಓದಲಾರದ ಸಹಿ ಮಾಡಂಗಿಲ್ಲ ನಾ."

"ಓದೂದೇನೈತಿ ಅದರಾಗ? ನಾ ಓದೀನಿ."

ಆಮೇಲೆ ಏನೋ ನೆನಪಾದವನಂತೆ ಹೇಳಿದ. "ಬೇಲಿನೂ ಹಾಕ್ಸೀನಿ. ಆ ಓಣ್ಯಾವ್ರು ಹಾಯೂ ದಾರಿ ಬಂದ್ ಮಾಡೀನಿ. ತಗೊಳ್ಳಾವ್ರು ನಟ್ಟನಡುವ ದಾರಿ ಬ್ಯಾಡ ಅಂತಾರ."

ನಮ್ಮ ಹೊಲದ ಆಚೆ ಕುರಿ ಸಾಕುವವರ ಹತ್ತು ಮನೆಗಳ ಓಣಿ ಇದೆ. ಅವರು ಡಾಂಬರು ರಸ್ತೆಗೆ ಬರಬೇಕೆಂದರೆ ನಮ್ಮ ಗದ್ದೆಯ ಬದುವಿನ ಮೇಲೆ ನಡೆದು, ನಮ್ಮ ಅಡುಗೆಮನೆಯ ಗೋಡೆಗೂ ದನದ ಕೊಟ್ಟಿಗೆಗೂ ನಡುವಿನ ಸಂದಿಯಲ್ಲಿ ನುಸುಳಿ, ಗೋಡಂಬಿ ಗಿಡಗಳ ಕೆಳಗೆ ಹಾಯ್ದು ಬರುತ್ತಾರೆ. ಇಲ್ಲವಾದರೆ ಹಳ್ಳ ಸುತ್ತಿ ಬರಬೇಕು, ಮುಕ್ಕಾಲು ತಾಸು ಹೆಚ್ಚು. ಇದೆಲ್ಲ ನನಗೆ ಹುಟ್ಟಿದಾಗಿನಿಂದ ಗೊತ್ತು. ಆದರೂ ಆ ದಿನ ನಾನು ತುಟಿ ಬಿಚ್ಚಲಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಹೊಲ ನಮ್ಮದು, ಬೇಲಿ ನಮ್ಮದು ಅಂದುಕೊಂಡೆ. ಬಂದ ಮೇಲೆ ಸಹಿ ಮಾಡುತ್ತೇನೆ ಎಂದು ಸೀರೆ ಇಸಿದುಕೊಂಡು ಒಳಗೆ ನಡೆದೆ.

ನನ್ನ ಮಗಳು ಯಾರ್ಕ್‌ಷೈರಿನ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ನರ್ಸು. ನಾನು ಹೋದದ್ದು ಅವಳ ಬಾಣಂತನಕ್ಕೆ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವಳು ನಾನು. ಪೆನ್ನೈನ್ ಬೆಟ್ಟಸಾಲು, ಉಣ್ಣೆಯ ಗಿರಣಿಗಳು, ಸದಾ ಬೀಳುವ ಮಳೆ ಎಂದು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಕಣ್ಣಾರೆ ನೋಡದ ಊರಿನ ಬಗ್ಗೆ ಅಷ್ಟು ಧೈರ್ಯವಾಗಿ ಮಾತಾಡುವುದು ಮಾಸ್ತರಿಕೆಯಲ್ಲಿ ಮಾತ್ರ ನಡೆಯುತ್ತದೆ. ಮಗಳ ಮನೆಯ ಹಿತ್ತಿಲ ಬಾಗಿಲು ತೆರೆದಾಗ ಅದೇ ಪೆನ್ನೈನ್ ಎದುರಿಗೆ ನಿಂತಿತ್ತು. ಮರವಿಲ್ಲದ ಬೋಳು ಗುಡ್ಡಗಳು, ಅವುಗಳ ಮೈಮೇಲೆ ಮೇಲಿನಿಂದ ಕೆಳಗಿನವರೆಗೆ ಕಲ್ಲಿನ ಪೌಳಿ. ಗಾರೆ ಇಲ್ಲ, ಮಣ್ಣಿಲ್ಲ, ಬರೀ ಕಲ್ಲಿನ ಮೇಲೆ ಕಲ್ಲು.

ಮೊದಲ ಎರಡು ತಿಂಗಳು ನಾನು ಆ ಗುಡ್ಡಗಳನ್ನು ಅಡುಗೆಮನೆಯ ಕಿಟಕಿಯಿಂದಲೇ ನೋಡಿದೆ. ಮಗುವಿಗೆ ಎಣ್ಣೆ, ನೀರು, ಸಾಂಬ್ರಾಣಿ ಹೊಗೆ. ಹೊಗೆ ಹಾಕಿದಾಗಲೆಲ್ಲ ಛಾವಣಿಗೆ ಹಾಕಿದ ಬೆಂಕಿ-ಎಚ್ಚರಿಕೆಯ ಗಂಟೆ ಬಡಿದುಕೊಂಡು ಇಡೀ ಬೀದಿಗೆ ಸುದ್ದಿ ಮುಟ್ಟಿಸುತ್ತಿತ್ತು. ಒಂದು ದಿನ ಆ ಗಂಟೆ ಕೇಳಿಯೇ ಪಕ್ಕದ ಮನೆಯ ಹಿರಿಯಾಕೆ ಬಾಗಿಲು ಬಡಿದರು. ಎಪ್ಪತ್ತನಾಲ್ಕು ವರ್ಷ, ಕತ್ತರಿಸಿದ ಬಿಳಿ ಕೂದಲು, ಮಾತು ಒರಟು. ಒಂದು ಕಾಲಕ್ಕೆ ಆ ಊರಿನ ಬಸ್ಸು ಓಡಿಸುತ್ತಿದ್ದವರಂತೆ. ಬೆಂಕಿ ಇಲ್ಲವೆಂದು ಖಾತ್ರಿಯಾದ ಮೇಲೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೇಳಿದರು, "ನೀವು ಬಂದು ಎರಡು ತಿಂಗಳಾಯಿತು. ಒಮ್ಮೆಯಾದರೂ ನಡೆದಿದ್ದೀರಾ?"

"ಎಲ್ಲಿಗೆ?" ಎಂದೆ.

"ಎಲ್ಲಿಗೂ ಅಲ್ಲ. ನಡೆಯುವುದು."

ನನಗೆ ನಗು ಬಂತು. ನಮ್ಮೂರಲ್ಲಿ ಹೆಣ್ಣು ನಡೆದರೆ ತಲೆಯ ಮೇಲೆ ಏನಾದರೂ ಇರಬೇಕು. ಕೊಡವೋ, ಹುಲ್ಲಿನ ಹೊರೆಯೋ, ಬುತ್ತಿಯೋ. ಬರಿಗೈಯಲ್ಲಿ ನಡೆದವಳನ್ನು ನಾಲ್ಕು ಜನ ನಿಲ್ಲಿಸಿ "ಎತ್ತಾಗ ಹೊಂಟಿ?" ಎಂದು ಕೇಳುತ್ತಾರೆ, ಉತ್ತರ ಹೊಂದದಿದ್ದರೆ ಸಂಜೆಯೊಳಗೆ ಅವಳ ಮನೆಗೆ ಸುದ್ದಿ ಹೋಗಿರುತ್ತದೆ. ಈಗ ನಾನಿರುವ ಬೆಳಗಾವಿಯ ಮಹಾಂತೇಶ ನಗರದಲ್ಲೂ ಬಹಳ ಬೇರೆ ಇಲ್ಲ. ಅಲ್ಲಿ ನಡೆಯುವುದಕ್ಕೆ ಸಕ್ಕರೆ ಕಾಯಿಲೆಯ ಚೀಟಿ ಇರಬೇಕು. ನನ್ನ ಗಂಡ ಪಾರ್ಕಿನಲ್ಲಿ ದಿನಕ್ಕೆ ಎಂಟು ಸುತ್ತು ಹಾಕುತ್ತಾರೆ, ಒಂಬತ್ತನೆಯದು ಕೇಳಿದರೆ ಕೊಡುವುದಿಲ್ಲ. ಏನೂ ಕಾರಣವಿಲ್ಲದೆ, ಯಾರಿಗೂ ಹೇಳದೆ ನಡೆಯುವುದು ಅರವತ್ತಮೂರು ವರ್ಷದಲ್ಲಿ ನನಗೆ ಸಿಕ್ಕಿರಲಿಲ್ಲ. ಸಿಕ್ಕಿಲ್ಲ ಎಂದು ಗೊತ್ತೂ ಇರಲಿಲ್ಲ.

"ಮೊಣಕಾಲು ನೋವಂತಿದ್ದೆಲ್ಲ, ಗುಡ್ಡ ಹತ್ತತಿಯೇನು? ಬ್ಯಾಡಮ್ಮಾ," ಎಂದಳು ಮಗಳು.

"ಇಡೀ ದಿನ ನಿಂತು ರೊಟ್ಟಿ ಬಡಿಯಾಕ ಬರೂ ಮೊಣಕಾಲು ಗುಡ್ಡ ಹತ್ತಾಕ ಯಾಕ ಬರೂದಿಲ್ಲ?" ಎಂದು ಕೇಳಿದೆ. ಬುಧವಾರ ಅಳಿಯನಿಗೆ ರಜೆ. ಆ ದಿನ ನನ್ನದೆಂದು ತೀರ್ಮಾನವಾಯಿತು.

ಹೀಗೆ ಶುರುವಾಯಿತು ನನ್ನ ನಡಿಗೆ. ಊರು ದಾಟಿದ ಕೂಡಲೇ ಮರದ ಕಂಬವೊಂದರ ಮೇಲೆ ಬಾಣದ ಗುರುತು, ಅದು ತೋರಿಸುತ್ತಿದ್ದದ್ದು ಯಾರದೋ ಹೊಲದ ಕಡೆಗೆ. ಒಳಗೆ ಕುರಿಗಳು ಮೇಯುತ್ತಿದ್ದವು, ಬೆನ್ನಿಗೆ ನೀಲಿ ಬಣ್ಣದ ಗುರುತು ಹಾಕಿಸಿಕೊಂಡು. ಹಿರಿಯಾಕೆ ಸಣ್ಣ ಗೇಟು ತಳ್ಳಿ ಒಳಗೆ ನಡೆದೇಬಿಟ್ಟರು. ನಾನು ಗೇಟಿನಲ್ಲೇ ನಿಂತೆ. ಇನ್ನೊಬ್ಬರ ಹೊಲ, ಕುರಿ ಬೇರೆ ಇವೆ, ಯಾರಾದರೂ ಕಳ್ಳರೆಂದುಕೊಂಡರೆ? ಅವರು ಹಿಂದೆ ತಿರುಗಿ ಜೇಬಿನಿಂದ ನಕಾಶೆ ತೆಗೆದು ತೋರಿಸಿದರು. ಹೊಲಗಳ ಮೇಲೆಲ್ಲ ಹಸಿರು ಚುಕ್ಕಿಗೆರೆ. ಅವೆಲ್ಲ ಜನ ನಡೆಯುವ ದಾರಿಗಳಂತೆ. ಹೊಲ ರೈತನದು, ದಾರಿ ಮಾತ್ರ ಎಲ್ಲರದು. ನೆಲ ಮಾರಿದರೂ, ಕೊಂಡರೂ, ದಾರಿ ನೆಲದ ಮೇಲೆ ಹಾಗೆಯೇ ಉಳಿಯುತ್ತದೆ. ನಕಾಶೆ ನೋಡುವುದೇ ಉದ್ಯೋಗವಾಗಿದ್ದ ನಾನು ಅಂಥ ನಕಾಶೆ ಕಂಡಿರಲಿಲ್ಲ.

ಪೌಳಿ ಬಂದಲ್ಲಿ ಗೋಡೆಯಿಂದಲೇ ಮೂರು ಕಲ್ಲು ಹೊರಗೆ ಚಾಚಿದ್ದವು, ಹತ್ತಿ ಆಚೆ ಇಳಿಯಲು. ನಾನು ಉಟ್ಟಿದ್ದದ್ದು ಅಣ್ಣ ಕೊಟ್ಟ ಅದೇ ಇಳಕಲ್ ಸೀರೆ. ಮೊದಲ ಕಲ್ಲಿಗೇ ನಿರಿಗೆ ಸಿಕ್ಕಿಕೊಂಡಿತು. ಸರಿ, ನಮ್ಮೂರ ಹೆಂಗಸರು ಭತ್ತದ ನಾಟಿಗೆ ಇಳಿಯುವಾಗ ಮಾಡುವಂತೆ ಸೀರೆ ಎತ್ತಿ, ಹಿಂದಕ್ಕೆ ಎಳೆದು ಕಚ್ಚೆ ಹಾಕಿದೆ. ಕೆಳಗೆ ಮಗಳ ಬೂಟು. ಗೋಡೆಯ ಮೇಲೆ ನಿಂತಾಗ ಬೀಸಿದ ಗಾಳಿಗೆ ಸೆರಗು ಸೊಂಟದಿಂದ ಬಿಚ್ಚಿಕೊಂಡು ಹಾರಿತು. ಹಿರಿಯಾಕೆ ಕೆಳಗಿನಿಂದ ನೋಡಿ, "ಆರು ಗಜ ಬಟ್ಟೆಯಲ್ಲಿ ಹೀಗೆ ಗೋಡೆ ಹತ್ತುವುದನ್ನು ನನಗೂ ಕಲಿಸಿ," ಎಂದರು. ಕಲಿಸಿದೆ. ಅವರ ಮನೆಯ ಪರದೆಯ ಬಟ್ಟೆಯಲ್ಲಿ ಎರಡು ಸಲ ಪ್ರಯತ್ನ ಮಾಡಿ ಬಿಟ್ಟರು.

ಆಮೇಲಿನ ಬುಧವಾರಗಳು ನನ್ನ ಜೀವನದ ಒಳ್ಳೆಯ ದಿನಗಳು. ಹಳದಿ ಹೂವಿನ ಹುಲ್ಲುಗಾವಲಿನಲ್ಲಿ ಹುಲ್ಲು ತುಳಿಯಬಾರದೆಂದು ಒಬ್ಬರ ಹಿಂದೆ ಒಬ್ಬರು ನಡೆಯುತ್ತಿದ್ದೆವು, ಬದುವಿನ ಮೇಲೆ ನಡೆದಂತೆ. ಮೇಲೆ ಗುಡ್ಡದ ಕೆಸರಿನಲ್ಲಿ ಬೂಟು ಹೂತು ಹೋದಾಗ ಇಬ್ಬರೂ ಸೇರಿ ಎಳೆಯುತ್ತಿದ್ದೆವು. ಮಳೆ ಬರುತ್ತಿತ್ತು, ನಮ್ಮ ಖಾನಾಪುರದ ಮಳೆಯಂತೆ ಮೈಮೇಲೆ ಏರಿ ಬರುವುದಲ್ಲ, ಸುಮ್ಮನೆ ತೋಯಿಸುತ್ತಾ ಇರುವ ಮಳೆ. ಗೋಡೆಯ ಮರೆಯಲ್ಲಿ ಕುಳಿತು ನಾನು ರೊಟ್ಟಿ ಮತ್ತು ಶೇಂಗಾ ಚಟ್ನಿ ಬಿಚ್ಚುತ್ತಿದ್ದೆ, ಅವರು ಫ್ಲಾಸ್ಕಿನ ಚಹಾ. ಚಟ್ನಿ ಬಾಯಿಗೆ ಹಾಕಿ ಕಣ್ಣಲ್ಲಿ ನೀರು ಬಂದರೂ ಇನ್ನಷ್ಟು ಹಾಕಿ ಎನ್ನುತ್ತಿದ್ದರು. ಅವರ ಹಟ ನನಗೆ ಹಿಡಿಸಿತು. ಅವರ ಜೇಬಿನಲ್ಲಿ ಸದಾ ಒಂದು ಕೈಗತ್ತರಿ ಇರುತ್ತಿತ್ತು. ದಾರಿಗೆ ಚಾಚಿದ ಮುಳ್ಳುಬಳ್ಳಿ ಕತ್ತರಿಸುತ್ತಲೇ ನಡೆಯುತ್ತಿದ್ದರು.

ಒಂದು ಬುಧವಾರ ನಾವು ಹೋದ ದಾರಿ ನೇರ ಒಬ್ಬ ರೈತನ ಅಂಗಳಕ್ಕೆ ಬಂತು. ಒಂದು ಕಡೆ ಅವನ ಅಡುಗೆಮನೆಯ ಕಿಟಕಿ, ಇನ್ನೊಂದು ಕಡೆ ಹಾಲು ಕರೆಯುವ ಕೊಟ್ಟಿಗೆ. ನಡುವೆ ಸಂದಿ. ಬಾಣದ ಗುರುತು ಅದರೊಳಗೇ ತೋರಿಸುತ್ತಿತ್ತು. ಅದು ನಮ್ಮ ಮನೆಯೇ. ಹಿರಿಯಾಕೆ ಆಗಲೇ ಸಂದಿಯಲ್ಲಿದ್ದರು. ಆದರೆ ಇನ್ನೊಬ್ಬರ ಒಲೆಯ ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಹಾಯುವುದು ನನ್ನ ಕಾಲಿಗೆ ಒಪ್ಪಲಿಲ್ಲ. ನಮ್ಮಲ್ಲಿ ಹಾಗೆ ಹೋಗುವವನು ಒಂದೋ ಕಳ್ಳ, ಇಲ್ಲಾ ಜಗಳವಾಡಿದ ದಾಯಾದಿ. ಗೇಟಿನಲ್ಲಿ ನಿಂತು, ನಮ್ಮೂರ ಓಣಿಯವರು ನಮ್ಮ ಮನೆ ಹಾಯುವಾಗ ಕೂಗುವಂತೆಯೇ ದೊಡ್ಡ ದನಿಯಲ್ಲಿ ಕೂಗಿದೆ.

"ಯಾರದೀರ್ರೀ ಮನ್ಯಾಗ? ಹಾಯ್ದು ಹೋಗ್ತೀವ್ರೀ!"

ನಾಯಿ ಬೊಗಳಿತು. ರೈತ ಕೈಯಲ್ಲಿ ಚಮಚ ಹಿಡಿದೇ ಓಡಿ ಬಂದ, ಯಾರೋ ಸಗಣಿ ಗುಂಡಿಗೆ ಬಿದ್ದರೆಂದು ತಿಳಿದು. ನಾನು ನನ್ನ ಶಾಲೆಯ ಇಂಗ್ಲಿಷಿನಲ್ಲಿ, ನಿಮ್ಮ ಅಂಗಳ ಹಾಯ್ದು ಹೋಗಬಹುದೇ ಎಂದು ಕೇಳಿದೆ. ಅವನ ಮುಖ ಅರಳಿತು. ಮೂವತ್ತು ವರ್ಷದಲ್ಲಿ ಯಾರೂ ಈ ಮಾತು ಕೇಳಿಲ್ಲ ಎಂದ. ಉಣ್ಣುವಾಗ ಕಿಟಕಿಯಲ್ಲಿ ಅಪರಿಚಿತರ ಮುಖ ನೋಡಿ ಸಾಕಾಗಿದೆ ಎಂದು ಕಷ್ಟಸುಖ ಹೇಳಿಕೊಂಡ. ನನಗೆ ಅವನ ಮೇಲೆ ಕನಿಕರ ಬಂತು. ನಾನೂ ಹೊಲ ಇದ್ದವರ ಮನೆಯ ಮಗಳಲ್ಲವೇ? ಕೊನೆಗೆ ಅವನು, "ಇಂದು ಹೋಗಿ. ಬರುವ ವಾರ ಬೇಡ, ನನಗೆ ಕೆಲಸವಿದೆ," ಎಂದ. ನಾನು ಆಗಲಿ ಎಂದು ತಲೆಯಾಡಿಸಿದೆ.

ಹಿರಿಯಾಕೆಯ ಮುಖ ಕೆಂಪಗಾಗಿತ್ತು. ಗುಡ್ಡದ ಮೇಲೆ ಹೋಗಿ ಗೋಡೆಗೆ ಒರಗಿ ಕುಳಿತ ಮೇಲೆ ಬಾಯಿ ಬಿಟ್ಟರು. "ನೀವು ಇವತ್ತು ಏನು ಮಾಡಿದಿರಿ ಗೊತ್ತೇ? ಅಪ್ಪಣೆ ಕೇಳಿದಿರಿ. ಕೇಳಿದ್ದಕ್ಕೆ ಅವನು ಕೊಟ್ಟ. ಕೊಟ್ಟವನು ಬೇಡ ಅನ್ನಲೂಬಹುದು. ಅಂದೂ ಬಿಟ್ಟ."

"ನಾನು ಕೇಳಿದ್ದು ಮರ್ಯಾದೆಗೆ," ಎಂದೆ.

"ಮರ್ಯಾದೆಗೆ ನಮಸ್ಕಾರ ಹೇಳಿ, ಚೆನ್ನಾಗಿದ್ದೀರಾ ಅನ್ನಿ, ಗೇಟು ನೆನಪಿಟ್ಟು ಮುಚ್ಚಿ. ಅಪ್ಪಣೆ ಕೇಳಬೇಡಿ."

ಅವರ ಅಪ್ಪ ನೂಲಿನ ಗಿರಣಿಯ ಕೆಲಸಗಾರ. ವಾರವಿಡೀ ಉಣ್ಣೆಯ ಧೂಳು ಕುಡಿದು ಭಾನುವಾರ ಗಾಳಿ ಕುಡಿಯಲು ಗುಡ್ಡ ಹತ್ತುತ್ತಿದ್ದರಂತೆ. ಗುಡ್ಡಗಳನ್ನು ಸಾಹೇಬರು ಹಕ್ಕಿ ಬೇಟೆಗೆಂದು ಮುಚ್ಚಿಕೊಂಡಿದ್ದರು. ಕಾವಲುಗಾರರು ದೊಣ್ಣೆ ಹಿಡಿದು ಓಡಿಸುತ್ತಿದ್ದರು, ಅಪ್ಪ ಮುಂದಿನ ಭಾನುವಾರ ಮತ್ತೆ ಹೋಗುತ್ತಿದ್ದರು. ಎಷ್ಟೋ ದಾರಿಗಳು ನಕಾಶೆ ಸೇರಿದ್ದು ಹೀಗೆ ಹಟ ಹಿಡಿದು ನಡೆದವರಿಂದ, ನಾವು ನಡೆದಿದ್ದೇವೆ ಎಂದು ಮುಂದೆ ಬಂದು ಹೇಳಿದವರಿಂದ. ನನಗೆ ಈ ವಿಷಯ ಹೊಸದು. ಸಾಹೇಬರೆಲ್ಲ ಒಂದೇ, ಅವರ ನಾಡಿನಲ್ಲಿ ಎಲ್ಲರೂ ಸಾಹೇಬರೇ ಎಂದು ತಿಳಿದಿದ್ದೆ. ಇಲ್ಲಿಯೂ ಓಡಿಸುವವರು, ಓಡಿಸಿಕೊಳ್ಳುವವರು ಇದ್ದರು.

ಮುಂದಿನ ಬುಧವಾರ ಅವರು ಬೇರೆ ಎಲ್ಲಿಗೂ ಒಪ್ಪಲಿಲ್ಲ. ಅದೇ ದಾರಿ. ರೈತನ ಗೇಟಿಗೆ ನೀಲಿ ಹಗ್ಗ ಸುತ್ತಿ ಗಂಟು ಹಾಕಿತ್ತು. ಹಿರಿಯಾಕೆ ಕೈಕಟ್ಟಿ ನಿಂತು ಹೇಳಿದರು, "ನೀವು ಹಾಕಿಸಿದ ಗಂಟು. ನೀವೇ ಬಿಚ್ಚಿ."

ನನಗೆ ಹೆದರಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ಪರದೇಶ, ಪರರ ಮನೆ, ಪೊಲೀಸರಿಗೆ ಹೇಳಿದರೆ ಮಗಳ ನೌಕರಿಗೆ ಏನಾದೀತೋ. ಆದರೂ ಬಿಚ್ಚಿದೆ. ಸಂದಿಯಲ್ಲಿ ನಡೆದೆ. ಅವನು ಕಿಟಕಿಯ ಒಳಗೆ ಕುಳಿತಿದ್ದ. ಅವನು ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ, "ಗುಡ್ ಮಾರ್ನಿಂಗ್" ಎಂದೆ. ಅವನೂ ಗುಡ್ ಮಾರ್ನಿಂಗ್ ಅಂದು ಚಹಾ ಕುಡಿಯತೊಡಗಿದ. ಅಷ್ಟೇ. ಆಕಾಶ ಕಳಚಿ ಬೀಳಲಿಲ್ಲ. ಗೇಟು ಮುಚ್ಚಿ ಗುಡ್ಡ ಹತ್ತುವಾಗ ನನಗೆ ಕುಣಿಯಬೇಕೆನಿಸಿತು.

ಆ ಕುಣಿತ ಸಂಜೆಯವರೆಗೂ ಉಳಿಯಲಿಲ್ಲ. ಮನೆಗೆ ಬಂದು ಕಾಲು ಚಾಚಿದ್ದೆ, ನಮ್ಮೂರಿನಿಂದ ಫೋನು. ಓಣಿಯ ನನ್ನ ಓರಗೆಯವಳು. ಒಂದೇ ಶಾಲೆ, ಒಂದೇ ಬೆಂಚು. ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟು ಅವಳು ಕುರಿಯ ಹಿಂದೆ ಹೋದಳು, ನಾನು ಓದಿ ಮಾಸ್ತರಿಕೆಗೆ ಬಂದೆ. ಅಂದಿನಿಂದ ಅವಳಿಗೆ ನಾನು ಅಕ್ಕಾರು, ನಮ್ಮ ಕಡೆ ಶಿಕ್ಷಕಿಯನ್ನು ಕರೆಯುವುದು ಹಾಗೆ.

"ಅಕ್ಕಾರ, ಸ್ವಸಿಗೆ ಮುಂಜಾನಿ ಬಸ್ ತಪ್ಪಾಕತ್ತೈತ್ರಿ," ಎಂದಳು. ಅವಳ ಸೊಸೆಗೆ ಬೆಳಗಾವಿಯ ನೆಹರು ನಗರದ ದವಾಖಾನೆಯೊಂದರ ವಾರ್ಡಿನಲ್ಲಿ ಕೆಲಸ. ಆ ಮನೆಯಲ್ಲಿ ತಿಂಗಳ ಪಗಾರ ಕಂಡ ಮೊದಲ ಹೆಣ್ಣುಮಗಳು ಅವಳೇ. "ಹಳ್ಳಾ ಸುತ್ತಿ ಹೋಗೂದ್ರಾಗ ಬಸ್ ಹೋಗಿಬಿಡ್ತೈತ್ರಿ. ಹಿಂಗಾದ್ರ ಕೆಲಸಾ ಬಿಡು ಅಂದಾರಂತ."

"ಅಣ್ಣಗ ಕೇಳಿದ್ರೇನ?"

"ಕೇಳಿದ್ವಿರಿ. ಗೌಡ್ರ ಅಂತಾರ, ದಿನಾ ನಮ್ಮನ್ನ ಕೇಳಿನ ಹೋಗ್ತಿದ್ರೆಲ್ಲ, ಹೋಗ್ತೀವ್ರೀ ಅಂತ ಕೂಗ್ತಿದ್ರೆಲ್ಲ. ಕೇಳಿ ಹೋಗೂದಂದ್ರ ದಾರಿ ನಮ್ಮದಂತ ನೀವ ಒಪ್ಪಿದಂಗ ಆತು ಅಂತಾರ್ರೀ."

ನಾನು ತೊಟ್ಟಿಲಲ್ಲಿದ್ದಾಗಿನಿಂದ ಆ ಕೂಗು ನಮ್ಮ ಅಡುಗೆಮನೆಯ ಗೋಡೆಗೆ ಬಿದ್ದಿದೆ. "ಹೋಗ್ತೀವ್ರೀ ಅವ್ವಾರ" ಎಂದರೆ ಅವ್ವ ಒಳಗಿನಿಂದಲೇ "ಹೂಂ, ಹೋಗಿ ಬರ್ರಿ" ಎನ್ನುತ್ತಿದ್ದಳು. ಅದು ಅಪ್ಪಣೆಯಾಗಿರಲಿಲ್ಲ. ಒಳಗೆ ಯಾರಾದರೂ ಮೀಯುತ್ತಿರಬಹುದು, ಕೂಸಿಗೆ ಹಾಲು ಕುಡಿಸುತ್ತಿರಬಹುದು, ಎಚ್ಚರಿಕೆ ಇರಲಿ ಎಂಬ ಮಾನವಂತಿಕೆ ಅದು. ಎರಡು ತಲೆಮಾರು ಅವರು ತೋರಿಸಿದ ಮರ್ಯಾದೆಯನ್ನೇ ಅಣ್ಣ ಮುಳ್ಳುತಂತಿಯಾಗಿ ಸುತ್ತಿಟ್ಟಿದ್ದ. ನನಗೆ ಸಿಟ್ಟು ಬಂತು. ಅವನ ಮೇಲೆ ಬಂತು, ಸಾಂಬ್ರಾದಲ್ಲಿ ಸೀರೆ ಹಿಡಿದು ಸುಮ್ಮನೆ ನಿಂತ ನನ್ನ ಮೇಲೆ ಇನ್ನೂ ಹೆಚ್ಚು ಬಂತು.

"ನಾ ಬರೂತನಾ ತಡಿ. ಸ್ವಸಿಗೆ ಕೆಲಸಾ ಬಿಡಬ್ಯಾಡಂತ ಹೇಳು," ಎಂದೆ.

ಅಕ್ಟೋಬರಿನಲ್ಲಿ ಬೆಳಗಾವಿಗೆ ಬಂದೆ. ಎರಡು ದಿನ ನಿದ್ದೆ, ಮೂರನೆಯ ದಿನ ಖಾನಾಪುರ. ಮೊದಲು ಭೂಮಾಪನದ ಕಚೇರಿಗೆ ಹೋಗಿ ನಮ್ಮೂರ ನಕಾಶೆ ತೆಗೆಸಿ ನೋಡಿದೆ. ಹಳ್ಳವಿದೆ, ಬಂಡಿ ದಾರಿಯಿದೆ, ನಮ್ಮ ಮನೆಯೂ ಇದೆ. ಓಣಿಯವರ ದಾರಿ ಇಲ್ಲ. ಒಂದು ಚುಕ್ಕಿಯೂ ಇಲ್ಲ. ಕುರಿಯವರು ಎಲ್ಲಿ ಕಾಲಿಡುತ್ತಾರೆ ಎಂದು ಅಳೆದವರು ಕೇಳಿಯೇ ಇರಲಿಕ್ಕಿಲ್ಲ. ಬರುವ ದಾರಿಯಲ್ಲಿ ಗಂಡನಿಗೆ ಫೋನು ಮಾಡಿದೆ. "ನಿನ್ನ ತವರಮನಿ, ನೀ ತಿಳದಂಗ ಮಾಡು. ಖರೇ, ಮೊಣಕಾಲು ಜ್ವಾಕಿ," ಎಂದರು.

ಅಣ್ಣ ಪ್ರೀತಿಯಿಂದಲೇ ಬರಮಾಡಿಕೊಂಡ. ಅವನ ಹೆಂಡತಿ, ನಮ್ಮ ವೈನಿ, ಚಹಾ ಮಾಡಿದಳು, ಹಿಂದೆಯೇ ಬಿಸಿ ರೊಟ್ಟಿ. ಉಂಡು ಕೈ ತೊಳೆದ ಕೂಡಲೇ ಅದೇ ಫೈಲು ಬಂತು.

"ಈಗ ಚಷ್ಮಾ ಐತೆಲ್ಲ?" ಎಂದು ನಕ್ಕ.

ಚಷ್ಮಾ ಹಾಕಿಕೊಂಡು ಪೂರ್ತಿ ಓದಿದೆ. ಮಡಚಿ ಅವನ ಮುಂದಿಟ್ಟೆ. "ಇದರಾಗ ದಾರಿ ಬರಿ ಅಣ್ಣಾ. ಬದುವಿನಿಂದ ಡಾಂಬರ ರಸ್ತಾದ ಮಟ, ಓಣಿ ಮಂದಿ ಹಾಯೂ ದಾರಿ ಅಂತ. ಬರದ್ರ ಈಗ ಸಹಿ ಮಾಡ್ತೀನಿ. ಮಾರು, ಬೇಕಾದ್ದ ಮಾಡು. ನನಗೇನೂ ಬ್ಯಾಡ."

"ಹುಚ್ಚೇನ ನಿನಗ? ದಾರಿ ಇದ್ರ ಅವ್ರು ತಗೊಳ್ಳೂದಿಲ್ಲ. ನೀ ಇಂಗ್ಲೆಂಡ್ ನೋಡಿ ಬಂದಿ ಅಂತ ನಮ್ಮ ಹೊಲಾ ಇಂಗ್ಲೆಂಡ್ ಆಗಂಗಿಲ್ಲ."

"ಇಂಗ್ಲೆಂಡಿನ ಮಾತಲ್ಲ. ಆ ಓಣ್ಯಾಗಿನ ನನ್ನ ಓರಗೆಯಾಕಿನೂ ನಾನೂ ಅದ ದಾರ್‍ಯಾಗ ಸಾಲಿಗೆ ಹೋಗೀವಿ. ನೀನೂ ಹೋಗೀದಿ. ಆಕಿ ಅಪ್ಪ ನಿನ್ನ ಹೆಗಲ ಮ್ಯಾಲ ಕುಂಡರಿಸ್ಕೊಂಡು ಹಳ್ಳಾ ದಾಟಿಸ್ಯಾನ."

"ಅವ್ರು ಕೇಳಿ ಹೋಗ್ತಿದ್ರು!"

"ಅದು ಕೇಳೂದಲ್ಲ ಅಣ್ಣಾ, ಮಾನಾ ಕೊಡೂದು. ನಿನಗ ಗೊತ್ತೈತಿ."

ಅವನಿಗೆ ಗೊತ್ತಿತ್ತು. ಅದಕ್ಕೇ ಎದ್ದು ಹೊರಗೆ ಹೋದ.

ಆ ರಾತ್ರಿ ನಾನು ಓಣಿಯ ಓರಗೆಯವಳ ಮನೆಯಲ್ಲೇ ಮಲಗಿದೆ. ಬೆಳಿಗ್ಗೆ ಬಸ್ಸಿನ ಹೊತ್ತಿಗೆ ಮೂವರೂ ಹೊರಟೆವು: ನಾನು, ಓರಗೆಯವಳು, ಅವಳ ಸೊಸೆ. ಗದ್ದೆಯಲ್ಲಿ ತೆನೆ ತುಂಬಿ ಬಾಗಿತ್ತು. ಬದುವಿನ ಕೊನೆಗೆ ಬೇಲಿ. ಕಬ್ಬಿಣದ ಕಂಬಗಳು, ಐದು ಎಳೆ ಮುಳ್ಳುತಂತಿ. ನಾನು ಸೀರೆ ಎತ್ತಿ ಕಚ್ಚೆ ಹಾಕಿದೆ. ಓರಗೆಯವಳು ನೋಡಿ ತಾನೂ ಹಾಕಿದಳು, ನಗುತ್ತಾ. ನಾಟಿಗೆ ಇಳಿಯುವ ಹುಡುಗಿಯರ ಹಾಗೆ ಕಂಡಿರಬೇಕು, ಇಬ್ಬರಿಗೂ ಅರವತ್ತು ದಾಟಿದೆ. ಸೊಸೆಯ ಮುಖದಲ್ಲಿ ಮಾತ್ರ ನಗುವಿರಲಿಲ್ಲ. ನಡುವಿನ ತಂತಿಯನ್ನು ನಾನು ಕಾಲಿನಿಂದ ಒತ್ತಿ ಮೇಲಿನದನ್ನು ಕೈಯಿಂದ ಎತ್ತಿದೆ. "ಹಾಯಿ," ಎಂದೆ. ಅಷ್ಟರಲ್ಲಿ ಅಣ್ಣ ಬಂದ. ಬರಿಮೈ, ಹೆಗಲ ಮೇಲೆ ಟವೆಲ್. ವೈನಿ ಹಿಂದೆ ನಿಂತಿದ್ದಳು.

ಸೊಸೆ ಹೆದರಿ ಹಿಂದೆ ಸರಿದಳು. ಅಭ್ಯಾಸಬಲ, ಓರಗೆಯವಳು ಬಾಯಿ ತೆರೆದು, "ಗೌಡ್ರ, ಹೋಗ್ತೀವ..." ಎಂದು ಶುರುಮಾಡಿದಳು. ನಾನು ಅವಳ ತೋಳು ಹಿಡಿದೆ.

"ಕೇಳಬ್ಯಾಡ. ಹೆಂಗದೀರಿ ಅನ್ನು."

ಅವಳು ನನ್ನ ಮುಖ ನೋಡಿದಳು. ಆಮೇಲೆ ಅಣ್ಣನ ಕಡೆ ತಿರುಗಿ, ನೆಟ್ಟಗೆ ನಿಂತು, "ಆರಾಮದೀರಿ ಗೌಡ್ರ?" ಎಂದಳು.

ಅಣ್ಣ ಅವಳ ಕಡೆ ನೋಡದೆ ನನಗೆ ಹೇಳಿದ. "ಇವತ್ತ ನೀ ಈ ಬೇಲಿ ದಾಟಿದಿ ಅಂದ್ರ ತವರಮನಿ ಬಾಗಲಾ ಮುಚ್ಚಿತು ಅಂತ ತಿಳಕೋ. ಅವ್ವನ ಆಣಿ."

ಹೇಳುತ್ತಾ ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದ. ಅದು ಬೆದರಿಕೆಯಲ್ಲ, ಬೇಡಿಕೆ ಎಂದು ನನಗೆ ತಿಳಿಯಿತು. ಹುಟ್ಟಿದ ಮನೆ ಹತ್ತು ಹೆಜ್ಜೆ ಆಚೆಗಿತ್ತು. ಅಡುಗೆಮನೆಯಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ಹೆಣ್ಣಿಗೆ ತವರು ಎಂದರೇನೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಅತ್ತೆಯ ಮನೆಯಲ್ಲಿ ಎಷ್ಟು ಸಲ ನುಂಗಿಕೊಂಡಿದ್ದೇನೆ, ಇದೊಂದು ಬಾಗಿಲು ಇದೆ ಎಂಬ ಧೈರ್ಯದ ಮೇಲೆ. ಆದರೆ ಆ ಬಾಗಿಲು ತೆರೆದಿರಬೇಕೆಂದು ಈ ಹುಡುಗಿಯ ದಾರಿ ಮುಚ್ಚಬೇಕೆಂದರೆ ಅದು ನನಗೆ ಬೇಡ. ಬೇಡವೇ ಬೇಡ. ತಂತಿಯನ್ನು ಇನ್ನಷ್ಟು ಎತ್ತಿದೆ. ಸೊಸೆ ದಾಟಿದಳು, ಓರಗೆಯವಳು ದಾಟಿದಳು, ಕೊನೆಗೆ ನಾನು. ಬೆನ್ನಿಗೆ ಮುಳ್ಳು ತಾಗಿ ಕುಪ್ಪಸ ಹರಿಯಿತು. ಅಣ್ಣನ ಪಕ್ಕದಲ್ಲೇ ಹಾಯ್ದೆವು. ಅವನು ತಡೆಯಲಿಲ್ಲ, ಕೈ ಎತ್ತುವವನಲ್ಲ ಅವನು. ಆ ದಿನ ಸೊಸೆಗೆ ಬಸ್ಸು ಸಿಕ್ಕಿತು.

ಅಂದಿನಿಂದ ಪ್ರತಿ ತಿಂಗಳೂ ಒಂದು ದಿನ ನಾನು ಬೆಳಗಾವಿಯಿಂದ ಹೋಗಿ ಆ ದಾರಿಯನ್ನು ಈ ತುದಿಯಿಂದ ಆ ತುದಿಗೆ ನಡೆಯುತ್ತೇನೆ. ಓಣಿಯವರು ದಿನವೂ ನಡೆಯುತ್ತಾರೆ. ತಂತಿ ಎರಡು ಸಲ ಮತ್ತೆ ಬಿಗಿಯಿತು, ಎರಡು ಸಲವೂ ಸಡಿಲಾಯಿತು. ಮೂರನೆಯ ಸಲ ಬಿಗಿಯಲು ಆಳು ಸಿಗಲಿಲ್ಲವೋ, ಅಣ್ಣನಿಗೆ ಮನಸ್ಸಾಗಲಿಲ್ಲವೋ, ನನಗೆ ತಿಳಿಯದು. ನಕಾಶೆಗೆ ಸೇರಿಸಿ ಎಂದು ಓಣಿಯವರು ಬರೆದ ಅರ್ಜಿ ಯಾವುದೋ ಮೇಜಿನ ಮೇಲಿದೆ. ಕೆಳಗೆ ನನ್ನ ಸಹಿಯೂ ಇದೆ. ಆ ಕಾಗದಕ್ಕೆ ಸಹಿ ಹಾಕಲು ನನಗೆ ಯಾರೂ ಸೀರೆ ಕೊಡಬೇಕಾಗಲಿಲ್ಲ. ಅಣ್ಣನ ಫೈಲು ಹಾಗೆಯೇ ಇದೆ.

ಈ ವರ್ಷ ನಾಗರ ಪಂಚಮಿಗೆ ಕರೆ ಬರಲಿಲ್ಲ. ನಮ್ಮ ಕಡೆ ಪಂಚಮಿಗೆ ಅಣ್ಣಂದಿರು ತಂಗಿಯರನ್ನು ಕರೆಯದೆ ಇರುವುದಿಲ್ಲ. ಮದುವೆಯಾದ ಮೇಲೆ ಒಂದು ವರ್ಷವೂ ತಪ್ಪಿರಲಿಲ್ಲ, ಹೋದ ವರ್ಷ ಇಂಗ್ಲೆಂಡಿಗೂ ಫೋನು ಬಂದಿತ್ತು. ಫೋನಿನ ಪಕ್ಕ ಎರಡು ದಿನ ಕುಳಿತೆ, ಕಣ್ಣೀರೂ ಹಾಕಿದೆ. ಪಂಚಮಿಯ ದಿನ ಬೆಳಿಗ್ಗೆ ಎದ್ದು ಖಾನಾಪುರದ ಬಸ್ಸು ಹತ್ತಿದೆ. ಆ ತಿಂಗಳ ನಡಿಗೆ ಬಾಕಿಯಿತ್ತು. ಮಳೆ ಜಿನುಗುತ್ತಿತ್ತು. ಗೋಡಂಬಿ ಗಿಡಗಳ ಕೆಳಗಿನಿಂದ ಹಾಯ್ದು ಸಂದಿಗೆ ಬಂದಾಗ ಅಡುಗೆಮನೆಯ ಕಿಟಕಿ ತೆರೆದಿತ್ತು. ಒಳಗೆ ಉಂಡಿ ಕಟ್ಟುತ್ತಿದ್ದರು. ಬೆಲ್ಲ, ಹುರಿದ ಎಳ್ಳು, ಏಲಕ್ಕಿ. ಪಡಸಾಲೆಯಲ್ಲಿ ಜೋಕಾಲಿಯ ಹಗ್ಗ ಜೀರುಗುಟ್ಟುತ್ತಿತ್ತು. ವೈನಿ ತಲೆಯೆತ್ತಿ ನನ್ನನ್ನು ನೋಡಿದಳು. ಅವಳ ಕೈಯಲ್ಲಿದ್ದ ಉಂಡಿ ಕೈಯಲ್ಲೇ ಉಳಿಯಿತು. ಅವಳ ಹಿಂದೆ ಅಣ್ಣ ಮಣೆಯ ಮೇಲೆ ಕುಳಿತಿದ್ದ, ಗೋಡೆಯ ಕಡೆ ಮುಖ ತಿರುಗಿಸಿದ.

"ಆರಾಮದೀರಿ ವೈನಿ?" ಎಂದೆ. ನನ್ನ ದನಿ ನನಗೇ ಬೇರೆಯವರದಂತೆ ಕೇಳಿಸಿತು. ಅವಳು ತಲೆಯಾಡಿಸಿದಳು. ನಾನು ನಿಲ್ಲಲಿಲ್ಲ. ಬದುವಿಗೆ ಬಂದ ಮೇಲೆ ಅಳು ಬಂತು, ಅಳುತ್ತಲೇ ನಡೆದೆ.

ಅವರು ಒಂದು ಮಾತು ಕರೆದಿದ್ದರೆ ಒಳಗೆ ಹೋಗುತ್ತಿದ್ದೆನೇ ಎಂದು ಓರಗೆಯವಳು ಕೇಳಿದಳು. ಹೋಗುತ್ತಿದ್ದೆ, ಸುಳ್ಳೇಕೆ ಹೇಳಲಿ. ಕಾಲು ತೊಳೆದು ಒಳಗೆ ಹೋಗುತ್ತಿದ್ದೆ, ಜೋಕಾಲಿಯಲ್ಲಿ ಕೂಡುತ್ತಿದ್ದೆ, ಅಣ್ಣನ ಕೈಯಿಂದ ಉಂಡಿ ಇಸಿದುಕೊಂಡು ಎರಡು ತಿನ್ನುತ್ತಿದ್ದೆ. ತಿಂದು ಬಾಯಿ ಒರೆಸಿಕೊಂಡು, ಸಹಿ ಮಾಡದೆ, ಮತ್ತೆ ಅದೇ ದಾರಿಯಲ್ಲಿ ನಡೆದು ಬರುತ್ತಿದ್ದೆ.